ಸೆಪ್ಟೆಂಬರ್ 30ರ ಸಿನಿಮಾ: ಇಂಡೋನೇಷ್ಯಾ ನೋಡಿದ್ದೇನು, ನೋಡದೇ ಉಳಿದಿದ್ದೇನು

ಎಂಬತ್ತು, ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದ ಇಂಡೋನೇಷ್ಯಾದವರಿಗೆ ಒಂದು ಸಿನಿಮಾ ಚೆನ್ನಾಗಿ ನೆನಪಿರುತ್ತದೆ. ಪ್ರತಿ ವರ್ಷ ಸೆಪ್ಟೆಂಬರ್ 30ರ ರಾತ್ರಿ ಅದು ಸರ್ಕಾರಿ ಟಿವಿಯಲ್ಲಿ ಬರುತ್ತಿತ್ತು. ಶಾಲೆಗಳಿಂದ ಮಕ್ಕಳನ್ನು ಕರೆದೊಯ್ದು ತೋರಿಸುತ್ತಿದ್ದರು. ನಾಲ್ಕೂವರೆ ಗಂಟೆಯ ಈ ಸಿನಿಮಾವನ್ನು 1984ರಲ್ಲಿ ಸರ್ಕಾರವೇ ಮಾಡಿಸಿತ್ತು.

ಕಥೆ 1965ರದು. ಆ ವರ್ಷದ ಸೆಪ್ಟೆಂಬರ್ 30ರ ರಾತ್ರಿ ಜಕಾರ್ತಾದಲ್ಲಿ ಸೈನಿಕರ ಒಂದು ಗುಂಪು ಆರು ಜನರಲ್‌ಗಳನ್ನು ಕೊಂದು ಹಾಳುಬಾವಿಗೆ ಹಾಕಿತು. ಇದು ಕಮ್ಯುನಿಸ್ಟರದೇ ಸಂಚು ಎಂದು ಹೇಳಿ ಸೇನಾಧಿಕಾರಿ ಸುಹಾರ್ತೊ ಅಧಿಕಾರ ಹಿಡಿದರು. ಸಿನಿಮಾದಲ್ಲಿ ಹೆಂಗಸೊಬ್ಬಳು ಜನರಲ್‌ನ ಮುಖವನ್ನು ರೇಜರಿನಿಂದ ಕೊಯ್ಯುತ್ತಾಳೆ. ಮಕ್ಕಳು ನೋಡಿದ್ದು ಇದನ್ನು! ಸೇನೆಯೇ ಮಾಡಿಸಿದ್ದ ಮರಣೋತ್ತರ ಪರೀಕ್ಷೆಯಲ್ಲಿ ಅಂಥ ಗಾಯಗಳೇ ಇರಲಿಲ್ಲ. ವಿದ್ವಾಂಸ ಬೆನೆಡಿಕ್ಟ್ ಆಂಡರ್ಸನ್ 1987ರಲ್ಲಿ ಆ ವರದಿಯನ್ನು ಪ್ರಕಟಿಸಿದರು.

ಆಮೇಲೆ ಏನಾಯಿತು ಅನ್ನೋದನ್ನು ಸಿನಿಮಾ ಹೇಳಲೇ ಇಲ್ಲ. ಮುಂದಿನ ಕೆಲವೇ ತಿಂಗಳಲ್ಲಿ ಸೇನೆ ಮತ್ತು ಅದರ ಬೆಂಬಲದ ಗುಂಪುಗಳು ಕಮ್ಯುನಿಸ್ಟರೆಂದು ಹೇಳಿ ಕಡಿಮೆಯೆಂದರೂ ಐದು ಲಕ್ಷ ಜನರನ್ನು ಕೊಂದವು. ಸತ್ತವರಲ್ಲಿ ರೈತರು, ಕೂಲಿಕಾರರು, ಮೇಷ್ಟ್ರುಗಳು ಇದ್ದರು. 1998ರಲ್ಲಿ ಸುಹಾರ್ತೊ ಕೆಳಗಿಳಿದರು, ವರ್ಷ ವರ್ಷದ ಪ್ರದರ್ಶನವೂ ನಿಂತಿತು. ಮೌನ ಮಾತ್ರ ಹಾಗೇ ಉಳಿಯಿತು.

2012ರಲ್ಲಿ ಜೋಶುವಾ ಆಪನ್‌ಹೈಮರ್ ಅವರ ಸಾಕ್ಷ್ಯಚಿತ್ರ ಬಂತು. ಉತ್ತರ ಸುಮಾತ್ರಾದ ಕೊಲೆಗಾರರು ತಾವು ಹೇಗೆ ಕೊಂದೆವು ಅಂತ ಕ್ಯಾಮೆರಾ ಮುಂದೆ ನಟಿಸಿ ತೋರಿಸುತ್ತಾರೆ. ಕೆಲಸ ಮಾಡಿದ ಸ್ಥಳೀಯರಲ್ಲಿ ಬಹಳ ಜನ ಹೆದರಿ ಹೆಸರನ್ನೇ ಹಾಕಿಸಿಕೊಳ್ಳಲಿಲ್ಲ. ಚಿತ್ರವನ್ನು ಸೆನ್ಸಾರ್‌ಗೆ ಕಳಿಸಲೂ ಇಲ್ಲ. ಕಳಿಸಿ ನಿಷೇಧವಾದರೆ ತೋರಿಸುವುದೇ ಅಪರಾಧವಾಗುತ್ತಿತ್ತು. ಹಾಗಾಗಿ ಆಹ್ವಾನಿತರಿಗೆ ಮಾತ್ರ ತೋರಿಸುವ ದಾರಿ ಹಿಡಿದರು.

ಮೊದಲು ನೋಡಿದವರಲ್ಲಿ ಪತ್ರಕರ್ತರು, ಇತಿಹಾಸಕಾರರು ಇದ್ದರು. ನನ್ನ ಮಟ್ಟಿಗೆ ಈ ಇಡೀ ಕಥೆಯ ತಿರುವು ಇಲ್ಲೇ ಇದೆ. ಚಿತ್ರ ನೋಡಿದ 'ಟೆಂಪೊ' ವಾರಪತ್ರಿಕೆಯ ಸಂಪಾದಕರು ದೇಶದ ಮೂಲೆಮೂಲೆಗೂ ವರದಿಗಾರರನ್ನು ಕಳಿಸಿದರು. ಬೇರೆ ಊರುಗಳಲ್ಲೂ ಇಂಥ ಕೊಲೆಗಾರರು ಇದ್ದಾರಾ ಅಂತ ಹುಡುಕಿಸಿದರು. ಇದ್ದರು. ಮಾತಾಡಿದರು ಕೂಡ. ಅವರ ಬಾಯಿಂದಲೇ ಬಂದ ಮಾತುಗಳಿಂದ ಆ ಅಕ್ಟೋಬರ್‌ನಲ್ಲಿ ವಿಶೇಷ ಸಂಚಿಕೆ ಹೊರಬಂತು. ಡಿಸೆಂಬರ್ 10ರ ಮಾನವ ಹಕ್ಕುಗಳ ದಿನ ಹತ್ತಾರು ಊರುಗಳಲ್ಲಿ ಚಿತ್ರ ತೋರಿಸಿದರು.

2014ರಲ್ಲಿ ಅದೇ ನಿರ್ದೇಶಕರ ಎರಡನೇ ಚಿತ್ರ ಬಂತು. ಅಣ್ಣನನ್ನು ಕಳೆದುಕೊಂಡ ಕನ್ನಡಕದ ವ್ಯಾಪಾರಿಯೊಬ್ಬ ಕೊಲೆಗಾರರ ಮನೆಗೇ ಹೋಗುತ್ತಾನೆ. ಕಣ್ಣು ಪರೀಕ್ಷಿಸುತ್ತಾ, ಲೆನ್ಸ್ ಬದಲಿಸುತ್ತಾ, ಅಂದು ನಡೆದದ್ದನ್ನು ಕೇಳುತ್ತಾನೆ. ನವೆಂಬರ್ 10ರಂದು ಜಕಾರ್ತಾದಲ್ಲಿ ಇದನ್ನು ಬಹಿರಂಗವಾಗಿ ತೋರಿಸಿದ್ದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮತ್ತು ಜಕಾರ್ತಾ ಕಲಾ ಮಂಡಳಿ. ಸರ್ಕಾರದ್ದೇ ಸಂಸ್ಥೆ ಮುಂದೆ ನಿಂತು ತೋರಿಸಿತು ಅಂದರೆ ಸಣ್ಣ ಮಾತಲ್ಲ. ಆದರೆ ಮುಂದಿನ ತಿಂಗಳು ಕೆಲವು ಊರುಗಳಲ್ಲಿ ಗುಂಪುಗಳು ನುಗ್ಗಿ ಪ್ರದರ್ಶನ ನಿಲ್ಲಿಸಿದವು. ಡಿಸೆಂಬರ್ ಕೊನೆಗೆ ಸೆನ್ಸಾರ್ ಮಂಡಳಿ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿತು.

2017ರಲ್ಲಿ ಸೇನಾ ಮುಖ್ಯಸ್ಥರು 1984ರ ಸಿನಿಮಾವನ್ನು ಎಲ್ಲರೂ ಒಟ್ಟಿಗೆ ಕೂತು ನೋಡಬೇಕೆಂದು ಮತ್ತೆ ಸೂಚಿಸಿದರು. ಆಗಿನ ಅಧ್ಯಕ್ಷ ಜೋಕೊ ವಿಡೋಡೊ ಬೋಗೋರ್‌ನಲ್ಲಿ ಜನರ ಜೊತೆ ಕೂತು ನೋಡಿದರು. ಅದೇ ವಿಡೋಡೊ 2023ರ ಜನವರಿಯಲ್ಲಿ 1965ರ ಹತ್ಯೆಗಳನ್ನು ಗಂಭೀರ ಮಾನವ ಹಕ್ಕು ಉಲ್ಲಂಘನೆ ಎಂದು ಒಪ್ಪಿಕೊಂಡು ವಿಷಾದ ಹೇಳಿದರು. ಕ್ಷಮೆ ಮಾತ್ರ ಕೇಳಲಿಲ್ಲ.