ಕೊರಿಯಾದವರು ಗದ್ದೆಗೆ ಕಟ್ಟಿದ ಅಕ್ಷರ

ಚೀನೀ ಲಿಪಿಯಲ್ಲಿ ಹೊಲ ಎಂದು ಬರೆಯಲು ಒಂದು ಚೌಕ ಹಾಕಿ ಅದರೊಳಗೆ ಕೂಡುವ ಗುರುತು ಎಳೆದರೆ ಸಾಕು. ಬದುಗಳು ಬೇರ್ಪಡಿಸಿದ ಮಡಿಗಳ ಚಿತ್ರ ಅದು. ಮೂರು ಸಾವಿರ ವರ್ಷಗಳ ಹಿಂದೆ ಮೂಳೆಯ ಮೇಲೆ ಕೊರೆದ ಬರಹದಲ್ಲೂ ಹೆಚ್ಚುಕಡಿಮೆ ಹೀಗೇ ಇದೆ. ಆದರೆ ಆ ಭೂಮಿಯಲ್ಲಿ ನೀರು ನಿಲ್ಲುತ್ತದೆಯೇ ಎಂಬುದನ್ನು ಈ ಅಕ್ಷರ ಹೇಳುವುದಿಲ್ಲ.

ಅದೇ ಲಿಪಿಯಲ್ಲಿ ಬರೆಯುತ್ತಿದ್ದ ಕೊರಿಯಾದವರಿಗೆ ಅದು ಗೊತ್ತಾಗಲೇಬೇಕಿತ್ತು. ನಮ್ಮಲ್ಲಿ ಗದ್ದೆ, ಹೊಲ ಬೇರೆಬೇರೆ ಇರುವಂತೆ ಅವರ ನುಡಿಯಲ್ಲಿ ಗದ್ದೆ 'ನೊನ್', ಹೊಲ 'ಬತ್' (ದನಿ ಹತ್ತಿರವಾದರೂ ನಮ್ಮ ಬತ್ತವಲ್ಲ). ಗದ್ದೆಯನ್ನು 'ನೀರು', 'ಹೊಲ' ಎಂಬ ಎರಡು ಅಕ್ಷರಗಳಲ್ಲಿ ಬರೆಯಬಹುದಿತ್ತು. ಸಾಲು ಮೇಲಿನಿಂದ ಕೆಳಕ್ಕೆ ಇಳಿಯುವ ಬರಹವಾದ್ದರಿಂದ ನೀರಿನಡಿಗೆ ಹೊಲ ಬಂತು. ಎರಡೂ ಒತ್ತಕ್ಷರದಂತೆ ಬೆಸೆದು ಒಂದಾದವು. ನೀರಿಗೆ 4 ಗೆರೆ, ಹೊಲಕ್ಕೆ 5, ಒಟ್ಟು 9. ಮಾತಿನಲ್ಲಿ ಗದ್ದೆ 'ನೊನ್' ಆದರೂ ಈ ಅಕ್ಷರದ ಓದು 'ದಪ್'. ಚೀನಾದಿಂದ ಬಂದದ್ದಲ್ಲ, ಕೊರಿಯಾದಲ್ಲೇ ಹುಟ್ಟಿದ್ದು.

ದಕ್ಷಿಣ ಕೊರಿಯಾದ ಚಾಂಗ್‌ನ್ಯೊಂಗ್‌ನಲ್ಲಿರುವ, ಹಿಂದಿನ ಸಿಲ್ಲಾ ರಾಜ್ಯದ ರಾಜ ಜಿನ್‌ಹಂಗ್‌ನ ಕ್ರಿ.ಶ. 561ರ ಶಾಸನದಲ್ಲಿ ಈ ಅಕ್ಷರವಿದೆ. ಅದರ ಪಕ್ಕದಲ್ಲೇ ಒಣಭೂಮಿಯನ್ನು 'ಬಿಳಿ ಹೊಲ' ಎಂದು ಕೆತ್ತಿದ್ದಾರೆ. ಅಂದರೆ ಆಗಲೇ ಭೂಮಿಯನ್ನು ಎರಡಾಗಿ ವಿಂಗಡಿಸಿ ಬರೆಯುವ ರೂಢಿ ಇತ್ತು. ಮುಂದೆ 'ಬಿಳಿ' ಬಿದ್ದುಹೋಗಿ, ಬರೀ ಹೊಲದ ಅಕ್ಷರವೇ ಒಣಭೂಮಿಯ ಹೆಸರಾಯಿತು. ಅದರ ಓದು 'ಜೊನ್'. ಜಪಾನಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಅದೇ ಚೌಕ ಗದ್ದೆಗೆ ಮೀಸಲಾಗಿ, ಒಣಹೊಲಕ್ಕೆ ಬೆಂಕಿ ಮತ್ತು ಹೊಲ ಸೇರಿಸಿ ಹೊಸ ಅಕ್ಷರ ಕಟ್ಟಿದರು. ಹಾಗಾಗಿ ಒಂದೇ ಚೌಕ ಕೊರಿಯಾದ ದಾಖಲೆಯಲ್ಲಿ ಹೊಲ, ಜಪಾನಿನದರಲ್ಲಿ ಗದ್ದೆ. ಹಳೆಯ ಕಾಗದ ಓದುವವರು ಎಡವುವುದು ಇಲ್ಲೇ.

ಬರೆಯುವಾಗಲೂ ಎಚ್ಚರ ಬೇಕು. ನೀರಿಗೂ ಹೊಲಕ್ಕೂ ನಡುವೆ ಅಂತರ ಬಿಟ್ಟರೆ 'ಸುಜೊನ್' ಎಂಬ ಎರಡಕ್ಷರದ ಪದವಾಗುತ್ತದೆ. ಚೌಕದೊಳಗಿನ ನೆಟ್ಟಗೆರೆ ಮರೆತರೆ 'ಒಂದರ ಮೇಲೊಂದು ಒಟ್ಟಿದ' ಎಂಬರ್ಥದ ಬೇರೊಂದು ಅಕ್ಷರ. ಅದರ ಓದೂ 'ದಪ್'. ಗದ್ದೆಯಕ್ಷರಕ್ಕೆ ದನಿ ಬಂದದ್ದು ಅದನ್ನೇ ಹೋಲುವ ಈ ಅಕ್ಷರದಿಂದಲೇ ಇರಬಹುದು ಎಂದು ಊಹಿಸುತ್ತಾರೆ. ಒಪ್ಪಬಹುದಾದ ಊಹೆ.

ದಕ್ಷಿಣ ಕೊರಿಯಾದ ಭೂದಾಖಲೆಯ 28 ಬಗೆಗಳಲ್ಲಿ ಇಂದಿಗೂ 'ಜೊನ್', 'ದಪ್' ಇವೆ, ನಮ್ಮ ಪಹಣಿಯ ಖುಷ್ಕಿ, ತರಿಗಳ ಹಾಗೆ. ಈಗ ಕೊರಿಯಾದ ಸ್ವಂತ ಲಿಪಿಯಾದ ಹಂಗುಲ್‌ನಲ್ಲಿ. ಸದಾ ನೀರು ಕಟ್ಟಿ ಭತ್ತ, ತಾವರೆ, ಮಿನಾರಿ ಸೊಪ್ಪು ಬೆಳೆಯುವ ನೆಲ 'ದಪ್'. ಮಳೆಯನ್ನೇ ನಂಬಿದ ಗದ್ದೆ 'ಚೊನ್‌ಸುದಪ್', ಅಕ್ಷರಶಃ ಬಾನ ನೀರಿನ ಗದ್ದೆ. ಮಲೆನಾಡಿನವರು ಅಂಥದನ್ನು ಮಕ್ಕಿ ಗದ್ದೆ ಎನ್ನುತ್ತಾರೆ.