ಚೀಲ ತುಂಬದಿರಲೆಂದು ನೀರು ಕುಡಿಯದ ಆಟಗಾರರಿಗೆ

ಸ್ಟೋಮಾ (ಮಲ ಅಥವಾ ಮೂತ್ರ ಚೀಲಕ್ಕೆ ಹೊರಬರಲೆಂದು ಶಸ್ತ್ರಚಿಕಿತ್ಸೆಯಿಂದ ಹೊಟ್ಟೆಯ ಮೇಲೆ ಮಾಡಿದ ದ್ವಾರ) ಇರುವವರು ಆಟವಾಡಬಹುದೇ ಎಂದು ಕೇಳಿದವರಿಗೆ ನಾನು ಈಗ ದೀರ್ಘ ಉತ್ತರ ಕೊಡುವುದಿಲ್ಲ. ಆಡಬಹುದು. ಅಮೆರಿಕನ್ ಫುಟ್‌ಬಾಲ್ ಆಟಗಾರ ರೋಲ್ಫ್ ಬೆನಿರ್ಷ್ಕೆ 1979ರಲ್ಲಿ ಕರುಳಿನ ಕಾಯಿಲೆಯಿಂದ ಸಾವಿನ ಅಂಚಿಗೆ ಹೋಗಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮರುವರ್ಷವೇ ಹೊಟ್ಟೆಯ ಮೇಲೆ ಚೀಲ ಧರಿಸಿ ಮೈದಾನಕ್ಕೆ ಮರಳಿದವರು. ಗಾಯ ಮಾಗಿ ಶಸ್ತ್ರವೈದ್ಯರು ಒಪ್ಪಿದ ಮೇಲೆ ಓಟ, ಈಜು, ಬ್ಯಾಡ್ಮಿಂಟನ್ ಮೊದಲಾದವುಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಭಾರ ಎತ್ತುವುದಕ್ಕೂ ಮೈಗೆ ಮೈ ತಾಗಿಸಿ ಆಡುವ ಆಟಗಳಿಗೂ ಮಾತ್ರ, ಹರ್ನಿಯಾ ಮತ್ತು ಪೆಟ್ಟಿನ ಭಯವಿರುವುದರಿಂದ, ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ನನ್ನ ತಾಳ್ಮೆಯನ್ನು ಕೆಡಿಸುವುದು ಬೇರೆಯೇ ಒಂದು ಅಭ್ಯಾಸ. ಆಟದ ನಡುವೆ ಚೀಲ ತುಂಬಬಾರದೆಂದು ಬೆಳಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುವವರು ನನ್ನ ಬಳಿಗೆ ಬರುತ್ತಲೇ ಇರುತ್ತಾರೆ, ಮತ್ತು ಅವರಲ್ಲಿ ಹೆಚ್ಚಿನವರು ಉಳಿದೆಲ್ಲ ವಿಷಯಗಳಲ್ಲಿ ನನಗಿಂತ ಶಿಸ್ತಿನವರು.

ಇಲಿಯಾಸ್ಟಮಿ, ಅಂದರೆ ಸಣ್ಣ ಕರುಳಿನಿಂದ ಹೊರಕ್ಕೆ ತೆರೆದ ಸ್ಟೋಮಾ, ಇರುವವರ ವಿಷಯದಲ್ಲಿ ಇದು ಅಪಾಯಕಾರಿ. ಚೀಲಕ್ಕೆ ಬರುವುದು ನಾವು ಕುಡಿದ ನೀರು ಮಾತ್ರ ಎಂಬ ಎಣಿಕೆಯೇ ಇಲ್ಲಿ ತಪ್ಪು. ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ಗ್ರಂಥಿಯ ರಸ, ಕರುಳಿನದೇ ರಸ, ಇವೆಲ್ಲ ಸೇರಿ ದೇಹವು ದಿನಕ್ಕೆ ಸುಮಾರು 7 ಲೀಟರ್ ದ್ರವವನ್ನು ತಾನೇ ಕರುಳಿನೊಳಕ್ಕೆ ಸುರಿಯುತ್ತದೆ. ಅದರ ಬಹುಪಾಲನ್ನು ಸಣ್ಣ ಕರುಳು ಹೀರಿಕೊಳ್ಳುತ್ತದೆ. ಉಳಿದ ಒಂದೂವರೆ ಲೀಟರಿನಷ್ಟರಿಂದ ನೀರನ್ನೂ ಉಪ್ಪನ್ನೂ ಮರಳಿ ಪಡೆಯುವ ಕೆಲಸ ದೊಡ್ಡ ಕರುಳಿನದು. ಇಲಿಯಾಸ್ಟಮಿಯಲ್ಲಿ ಆ ದೊಡ್ಡ ಕರುಳು ಒಂದೋ ಇರುವುದಿಲ್ಲ, ಇಲ್ಲವೇ ದಾರಿಯಿಂದ ಹೊರಗಿರುತ್ತದೆ. ಕಾಲ ಕಳೆದಂತೆ ಸಣ್ಣ ಕರುಳು ಸ್ವಲ್ಪಮಟ್ಟಿಗೆ ಹೊಂದಿಕೊಳ್ಳುತ್ತದೆ ನಿಜ, ಆದರೆ ಪೂರ್ತಿಯಾಗಿ ಅಲ್ಲ. ನೀವು ಒಂದು ಹನಿ ಕುಡಿಯದಿದ್ದರೂ ಚೀಲಕ್ಕೆ ದ್ರವ ಬರುತ್ತದೆ, ಅದರೊಂದಿಗೆ ಉಪ್ಪೂ ಹೋಗುತ್ತದೆ. ಆಟದ ಬೆವರು ಇನ್ನಷ್ಟನ್ನು ಕೊಂಡೊಯ್ಯುತ್ತದೆ. ಉಪವಾಸದಿಂದ ಚೀಲ ಸ್ವಲ್ಪ ಹಗುರಾಗಬಹುದು, ಆದರೆ ಅದಕ್ಕಾಗಿ ನೀವು ಕೊಡುವ ಬೆಲೆ ರಕ್ತದೊಳಗಿನ ನೀರು.

ಬ್ಯಾಡ್ಮಿಂಟನ್ ಆಡುವ ಯುವತಿಯೊಬ್ಬಳು ಹೀಗೆಯೇ ಒಣಗಿದ ಗಂಟಲಿನಲ್ಲಿ ಎರಡು ಪಂದ್ಯ ಮುಗಿಸಿ, ಶೂ ಲೇಸ್ ಬಿಚ್ಚಲು ಬಗ್ಗಿದಾಗ ಬೆರಳುಗಳು ಸೆಟೆದುಕೊಂಡು ಗಂಟು ಹಿಡಿಯಲೂ ಆಗದೆ ಕುಳಿತಿದ್ದಳಂತೆ. ಗಾಬರಿಯಿಂದ ಎರಡು ಬಾಟಲಿ ಬರಿಯ ನೀರನ್ನು ಒಂದೇ ಸಮನೆ ಕುಡಿದಳು. ಸ್ವಲ್ಪ ಹೊತ್ತಿಗೆ ಚೀಲ ನೀರಿನಂಥ ದ್ರವದಿಂದ ಉಬ್ಬಿತು. ಅವಳು ನನ್ನ ಮುಂದೆ ಕುಳಿತು, ವಾದ ಗೆದ್ದ ವಕೀಲರ ಗತ್ತಿನಲ್ಲಿ, ನೀರು ಕುಡಿದರೆ ಏನಾಗುತ್ತದೆಂದು ಈಗ ನಿಮಗೇ ಗೊತ್ತಾಯಿತಲ್ಲ ಎಂದಳು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಅವಳು ಕಂಡದ್ದು ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ಮಾತ್ರ ತಿರುಗುಮುರುಗು.

ಸಣ್ಣ ಕರುಳು ನೀರನ್ನು ಚೆನ್ನಾಗಿ ಹೀರಿಕೊಳ್ಳುವುದು ಉಪ್ಪು ಮತ್ತು ಗ್ಲೂಕೋಸ್ ಒಟ್ಟಿಗೆ ಇದ್ದಾಗ. ಅವೆರಡೂ ಜೋಡಿಯಾಗಿ ಕರುಳಿನ ಗೋಡೆಯನ್ನು ದಾಟುವಾಗ ನೀರು ಅವುಗಳನ್ನು ಹಿಂಬಾಲಿಸುತ್ತದೆ. ಬರಿಯ ನೀರನ್ನು ಒಮ್ಮೆಲೇ ಸುರಿದುಕೊಂಡರೆ, ವಿಶೇಷವಾಗಿ ಮೊದಲೇ ಸ್ರಾವ ಹೆಚ್ಚಿರುವವರಲ್ಲಿ, ದೇಹದ ಉಪ್ಪೇ ಕರುಳಿನೊಳಕ್ಕೆ ಸೋರಿ ಚೀಲದ ಪಾಲಾಗುತ್ತದೆ. ಅತಿ ಸಿಹಿಯಾದ ಪಾನೀಯಗಳೂ ನೀರನ್ನು ಒಳಕ್ಕೆ ಎಳೆದು ಸ್ರಾವವನ್ನು ಹೆಚ್ಚಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು ಮತ್ತು 13.5 ಗ್ರಾಂ ಗ್ಲೂಕೋಸ್ ಇರುವುದು ಈ ಜೋಡಿಯ ಲೆಕ್ಕದಿಂದಲೇ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಆಟಕ್ಕೆ ಮುಂಚೆ, ನಡುವೆ, ಆಮೇಲೆ ಗುಟುಕು ಗುಟುಕಾಗಿ ಕುಡಿಯಿರಿ. ರುಚಿ ಹಿಡಿಸದು ಎಂಬ ದೂರಿಗೆ ತಣ್ಣಗೆ ಮಾಡಿ ಕುಡಿಯಿರಿ ಎನ್ನುವುದಕ್ಕಿಂತ ಉತ್ತಮ ಪರಿಹಾರ ನನ್ನಲ್ಲಿಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ತಮ್ಮ ವೈದ್ಯರನ್ನು ಕೇಳದೆ ಇದನ್ನು ಆರಂಭಿಸಬಾರದು.

ಕೊಲಾಸ್ಟಮಿಯಲ್ಲಿ, ಅಂದರೆ ದೊಡ್ಡ ಕರುಳಿನಿಂದ ತೆರೆದ ಸ್ಟೋಮಾದಲ್ಲಿ, ಆ ಕರುಳಿನ ಬಹುಭಾಗ ಕೆಲಸ ಮಾಡುತ್ತಿದ್ದರೆ ಈ ಅಪಾಯ ಕಡಿಮೆ. ಅಲ್ಲಿ ನೀರು ಬಿಟ್ಟವರಿಗೆ ಸಿಗುವುದು ಮಲಬದ್ಧತೆ. ಮೂತ್ರಕ್ಕಾಗಿ ಸ್ಟೋಮಾ ಮಾಡಿಸಿಕೊಂಡವರು ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಸೋಂಕಿಗೆ ದಾರಿಯಾಗುತ್ತದೆ.

ನೀರನ್ನು ದೂರವಿಡುವುದರ ಹಿಂದೆ ಇರುವುದು ಹತ್ತು ಜನರ ಮುಂದೆ ಚೀಲ ಸೋರೀತೆಂಬ ಭಯ ಎಂದು ನನಗೆ ಗೊತ್ತಿದೆ, ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆಟದಲ್ಲಿ ಸೋರುವುದು ಹೆಚ್ಚಾಗಿ ಚೀಲವನ್ನು ಚರ್ಮಕ್ಕೆ ಅಂಟಿಸಿ ಹಿಡಿಯುವ ಬೇಸ್‌ಪ್ಲೇಟಿನ ಅಂಚು ಬೆವರಿಗೆ ಸಡಿಲಗೊಂಡು, ಇಲ್ಲವೇ ತುಂಬಿದ ಚೀಲದ ಭಾರ ಅದನ್ನು ಜಗ್ಗಿ. ಅಂಗಳಕ್ಕೆ ಇಳಿಯುವ ಮುನ್ನ ಚೀಲ ಖಾಲಿ ಮಾಡಿ, ನಡುವೆ ಮೂರನೇ ಒಂದು ಭಾಗ ತುಂಬುತ್ತಲೇ ಮತ್ತೆ ಖಾಲಿ ಮಾಡಿ. ಹೊಸ ಬೇಸ್‌ಪ್ಲೇಟನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಸರದಿಂದ ಅಂಟಿಸುವ ಬದಲು, ಒಂದು ಗಂಟೆಗೆ ಮೊದಲೇ, ಒಣಗಿದ ಚರ್ಮದ ಮೇಲೆ ಅಂಟಿಸಿ, ಅಂಗೈಯಿಂದ ಕೆಲವು ನಿಮಿಷ ಒತ್ತಿ ಹಿಡಿದರೆ ಮೈಶಾಖಕ್ಕೆ ಅಂಟು ಕಚ್ಚಿಕೊಳ್ಳುತ್ತದೆ. ಹೆಚ್ಚು ಬೆವರುವವರು ಅದನ್ನು ಬೇಗ ಬೇಗ ಬದಲಿಸಬೇಕಾದೀತು. ಹೊಟ್ಟೆ ತುಂಬ ಊಟವನ್ನು ಎರಡು ಮೂರು ಗಂಟೆ ಮೊದಲೇ ಮುಗಿಸಿ. ಆಟ ಮುಗಿದ ಮೇಲೆ ಸ್ಟೋಮಾವನ್ನು ಒಮ್ಮೆ ಕಣ್ಣಿನಿಂದಲೇ ನೋಡಿ. ಅದಕ್ಕೆ ಪೆಟ್ಟಿನ ನೋವು ತಿಳಿಸುವ ನರಗಳಿಲ್ಲ, ಗೀರು ಬಿದ್ದರೂ ನಿಮಗೆ ಗೊತ್ತಾಗದು.

ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರಾದ ಸ್ರಾವ ಬರುತ್ತಿದ್ದರೆ, ಮೂತ್ರ ಕಡುಹಳದಿಯಾಗಿ ಅಳತೆಯೂ ಇಳಿದು, ಎದ್ದು ನಿಂತಾಗ ತಲೆ ತಿರುಗುತ್ತಿದ್ದರೆ, ಅಥವಾ ಇದಕ್ಕೆ ವಿರುದ್ಧವಾಗಿ ಚೀಲಕ್ಕೆ ಏನೂ ಬಾರದೆ ಹೊಟ್ಟೆ ಹಿಂಡಿ ವಾಂತಿಯಾಗುತ್ತಿದ್ದರೆ, ಅಂದು ಆಟವಿಲ್ಲ. ಅಂಥ ಹೊತ್ತಿನಲ್ಲಿ ಫೈನಲ್ ಪಂದ್ಯಕ್ಕೆ ಅನುಮತಿ ಕೇಳಿ ನನಗೆ ಫೋನ್ ಮಾಡಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ.