ಓದುಗರ ಪ್ರಶ್ನೆ: ಸ್ಟೀಮ್‌ಪಂಕ್ ಕಾದಂಬರಿಯಲ್ಲಿ ವೇಷ ಯಾವುದು, ಅರ್ಥ ಯಾವುದು?

ಪ್ರಶ್ನೆ: ಈಚೆಗೆ ಮೂರು ನಾಲ್ಕು ಸ್ಟೀಮ್‌ಪಂಕ್ ಕಾದಂಬರಿಗಳನ್ನು, ಅಂದರೆ ಉಗಿಯಂತ್ರಗಳ ಹತ್ತೊಂಬತ್ತನೆಯ ಶತಮಾನವನ್ನು ಬೇರೆ ಬಗೆಯಲ್ಲಿ ಕಲ್ಪಿಸುವ ಕತೆಗಳನ್ನು, ಓದಿದೆ. ಎಲ್ಲದರಲ್ಲೂ ಹಿತ್ತಾಳೆಯ ಹಲ್ಲುಚಕ್ರ, ಗಾಗಲ್ಸ್, ವಾಯುನೌಕೆ. ಇವುಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತಿಳಿಯುವುದು ಹೇಗೆ? ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ಕತೆಗಳಿಂದ ಕಾಸರಗೋಡಿನ ನಮಗೆ ಆಗಬೇಕಾದದ್ದೇನು? (ಬದಿಯಡ್ಕದ ಓದುಗರೊಬ್ಬರು)

ಉತ್ತರ: ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ತಮಗೆ ವೇಷಕ್ಕೂ ಅರ್ಥಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಯಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ. ಪಂಚೆಯುಟ್ಟು ಕುಳಿತ ಅರ್ಥಧಾರಿಯ ಮಾತಿನಲ್ಲೇ ಕರ್ಣ ಎದ್ದು ಬರಬೇಕು. ತಾವು ಓದಿದ ಕಾದಂಬರಿಗಳನ್ನೂ ಹಾಗೆಯೇ ಒಮ್ಮೆ ವೇಷ ಕಳಚಿ ನೋಡಬಹುದು. ಹಿತ್ತಾಳೆ, ಗಾಗಲ್ಸುಗಳನ್ನು ತೆಗೆದ ಮೇಲೆ ಉಳಿಯುವುದು ಯಾವ ಕಾಲದಲ್ಲೂ ನಡೆಯಬಹುದಾದ ಒಂದು ಪತ್ತೇದಾರಿ ಕತೆಯಾದರೆ, ಅಲ್ಲಿ ಯಂತ್ರ ಬರೀ ವೇಷವಾಗಿತ್ತು. ಯಂತ್ರದಿಂದ ಬದಲಾದ ಸಮಾಜವೊಂದು ಉಳಿದರೆ, ಅಲ್ಲಿ ಅರ್ಥವಿದೆ.

ಸ್ಟೀಮ್‌ಪಂಕ್ ಎಂಬ ಹೆಸರು ಹುಟ್ಟಿದ್ದು ಅರ್ಧ ತಮಾಷೆಯಿಂದ. ಆಗ ಗಣಕಲೋಕದ ಭವಿಷ್ಯದ ಕತೆಗಳಿಗೆ ಸೈಬರ್‌ಪಂಕ್ ಎಂಬ ಮಾತು ಚಾಲ್ತಿಯಲ್ಲಿತ್ತು, ಅಮೆರಿಕದ ಲೇಖಕ ಕೆ. ಡಬ್ಲ್ಯು. ಜೀಟರ್ 1987ರಲ್ಲಿ ವೈಜ್ಞಾನಿಕ ಕತೆಗಳ ಪತ್ರಿಕೆಯಾದ ಲೋಕಸ್‌ಗೆ ಬರೆದ ಪತ್ರದಲ್ಲಿ, ತಾನೂ ತನ್ನ ಇಬ್ಬರು ಗೆಳೆಯರೂ ಬರೆಯುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಕಲ್ಪಿತ ಕತೆಗಳಿಗೆ ಅದೇ ಅಚ್ಚಿನಲ್ಲಿ ಹೆಸರಿಟ್ಟರು. ಆದುದರಿಂದ ಪಂಕ್ ಎಂಬ ಪದದಲ್ಲಿ ಬಂಡಾಯದ ತತ್ತ್ವವನ್ನು ಬಹಳವಾಗಿ ಹುಡುಕುವ ಅಗತ್ಯವಿಲ್ಲ.

ಮೊದಲು ನೋಡಬೇಕಾದದ್ದು ಕತೆಗಾರನು ಇತಿಹಾಸದ ದಾರಿಯನ್ನು ಎಲ್ಲಿ ತಿರುಗಿಸಿದ್ದಾನೆ ಎಂಬುದನ್ನು. ಲೇಖಕರಾದ ವಿಲಿಯಂ ಗಿಬ್ಸನ್ ಮತ್ತು ಬ್ರೂಸ್ ಸ್ಟರ್ಲಿಂಗ್ ಸೇರಿ 1990ರಲ್ಲಿ ಪ್ರಕಟಿಸಿದ 'ದಿ ಡಿಫರೆನ್ಸ್ ಎಂಜಿನ್' ಕಾದಂಬರಿಯಲ್ಲಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನ ಲೆಕ್ಕದ ಯಂತ್ರ ಯಶಸ್ವಿಯಾಗಿ, ಉಗಿಯಿಂದ ನಡೆಯುವ ಗಣಕಗಳು 1855ರ ಇಂಗ್ಲೆಂಡಿನ ಪ್ರಜೆಗಳ ದಾಖಲೆಗಳನ್ನು ಸರ್ಕಾರದ ಕೈಗೆ ಕೊಟ್ಟಿರುತ್ತವೆ. ನಿಜ ಇತಿಹಾಸದಲ್ಲಿ ಬ್ಯಾಬೇಜ್ 1822ರಲ್ಲಿ ಈ ಯಂತ್ರದ ಪ್ರಸ್ತಾಪವನ್ನು ಮುಂದಿಟ್ಟ; ಬ್ರಿಟಿಷ್ ಸರ್ಕಾರ 17,000 ಪೌಂಡಿಗೂ ಹೆಚ್ಚು ಹಣ ಸುರಿಯಿತು; ಯಂತ್ರ ಕಟ್ಟುತ್ತಿದ್ದ ಕುಶಲಕರ್ಮಿ ಕ್ಲೆಮೆಂಟನೊಡನೆ ಜಗಳವಾಗಿ ಕೆಲಸ ನಿಂತಿತು; 1842ರಲ್ಲಿ ಸರ್ಕಾರ ಕೈಬಿಟ್ಟಿತು. ಆ ಕಾಲದ ಲೋಹಗೆಲಸಕ್ಕೆ ಅದು ಸಾಧ್ಯವೇ ಇರಲಿಲ್ಲ ಎಂದು ಬಹುಕಾಲ ಹೇಳುತ್ತಿದ್ದರು. ಆದರೆ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯವು ಬ್ಯಾಬೇಜನದೇ ಎರಡನೆಯ ನಕ್ಷೆಯಂತೆ, ಅಂದಿನವರಿಗೆ ಸಾಧ್ಯವಿದ್ದ ನಿಖರತೆಯನ್ನು ಮೀರದೆ, ಸುಮಾರು 4,000 ಬಿಡಿಭಾಗಗಳ ಲೆಕ್ಕದ ಯಂತ್ರವನ್ನು 1991ರಲ್ಲಿ ಕಟ್ಟಿತು, ಮತ್ತು ಅದು ಸರಿಯಾಗಿ ಕೆಲಸ ಮಾಡಿತು. ಕಾದಂಬರಿ ಬಂದ ಮರುವರ್ಷದಲ್ಲೇ, ಅದರ ಮೂಲ ಕಲ್ಪನೆ ಬರೀ ಹುಚ್ಚಲ್ಲವೆಂದು ಕಬ್ಬಿಣ, ಕಂಚು ಸಾಕ್ಷಿ ಹೇಳಿದಂತಾಯಿತು. ಯಂತ್ರ ನಿಂತದ್ದು ಹಣದಿಂದ, ಹಟದಿಂದ. ಮನುಷ್ಯರ ಜಗಳವೊಂದು ಬೇರೆ ಬಗೆಯಲ್ಲಿ ಮುಗಿದಿದ್ದರೆ ಎಂದು ಕೇಳುವ ಕತೆಗೆ ಬುಡ ಗಟ್ಟಿಯಾಗಿರುತ್ತದೆ.

ಎರಡನೆಯದು ಸೌದೆಯ ಲೆಕ್ಕ. ನೀರು ಉಗಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ, ಪಿಸ್ಟನ್ನನ್ನು ತಳ್ಳುವುದು ಆ ಹಿಗ್ಗುವಿಕೆಯೇ. ಆದರೆ ಅದು ಪುಕ್ಕಟೆ ಬರುವುದಿಲ್ಲ. ಹಳೆಯ ರೈಲ್ವೆ ಎಂಜಿನ್ನುಗಳಲ್ಲಿ ಕಲ್ಲಿದ್ದಲಿನ ಶಾಖದ ಹತ್ತರಲ್ಲೊಂದು ಪಾಲೂ ಗಾಡಿ ಎಳೆಯಲು ಒದಗುತ್ತಿರಲಿಲ್ಲ. ದಾರಿಯುದ್ದಕ್ಕೂ ನೀರು ತುಂಬಿಸಿಕೊಳ್ಳಬೇಕಿತ್ತು. ಕಲ್ಲಿದ್ದಲು ಯಾವ ಗಣಿಯಿಂದ ಬಂತು, ಒಲೆಗೆ ಅದನ್ನು ಎತ್ತಿ ಹಾಕಿದವರು ಯಾರು, ಬಾಯ್ಲರು ಸಿಡಿದರೆ ಸುಟ್ಟುಹೋಗುವವರು ಯಾರು ಎಂಬುದು ಕತೆಯಲ್ಲಿ ಎಲ್ಲೂ ಇಲ್ಲದಿದ್ದರೆ ಅಲ್ಲಿರುವುದು ಉಗಿಯಂತ್ರವಲ್ಲ, ಪುಷ್ಪಕ ವಿಮಾನ. ಪುಷ್ಪಕದ ಕತೆ ಹೇಳಬಾರದೆಂದಲ್ಲ. ಅದಕ್ಕೆ ಚಿಮಣಿ ಏಕೆ ಬೇಕು ಎಂಬುದಷ್ಟೇ ನನ್ನ ತಕರಾರು.

ಇನ್ನು ನಮಗೇನು ಎಂಬ ತಮ್ಮ ಮಾತು. ಇಂದಿನ ಸ್ಟೀಮ್‌ಪಂಕ್ ಹಿಂತಿರುಗಿ ನೋಡುವ ಹಳೆಯ ಲೇಖಕರಲ್ಲಿ ಮುಖ್ಯನಾದ ಫ್ರಾನ್ಸಿನ ಜೂಲ್ ವರ್ನ್ ಭಾರತವನ್ನು ಎರಡು ಕಣ್ಣುಗಳಿಂದ ನೋಡಿದ್ದಾನೆ. ಅವನ ಜಲಾಂತರ್ಗಾಮಿಯ ನಾಯಕ ನೆಮೋ ಯಾರೆಂಬುದು ಒಂದು ಕಾದಂಬರಿಯಲ್ಲಿ ಗುಟ್ಟಾಗಿಯೇ ಉಳಿದು, ಇನ್ನೊಂದರಲ್ಲಿ ಬಯಲಾಗುತ್ತದೆ: ಅವನು ಬುಂದೇಲಖಂಡದ ರಾಜಕುಮಾರ, 1857ರ ದಂಗೆಯಲ್ಲಿ ಎಲ್ಲವನ್ನೂ ಕಳೆದುಕೊಂಡವನು, ಅಲ್ಲದೆ ಟಿಪ್ಪು ಸುಲ್ತಾನನ ಸಂಬಂಧಿ. ಬೇಕಲ ಕೋಟೆಯನ್ನು ಕಂಡವರಿಗೆ ಆ ಹೆಸರು ದೂರದ್ದಲ್ಲ. (ಅವನ ನೌಕೆ ನಡೆಯುವುದು ವಿದ್ಯುತ್ತಿನಿಂದ, ಉಗಿಯಿಂದಲ್ಲ ಎಂಬುದನ್ನು ಶಾಸ್ತ್ರಿಗಳು ಗಮನಿಸಬೇಕು!) ಅದೇ ವರ್ನ್ 1880ರಲ್ಲಿ ಉಗಿಯಿಂದ ನಡೆಯುವ ಉಕ್ಕಿನ ಆನೆಯೊಂದು ಚಕ್ರದ ಮನೆಗಳನ್ನು ಎಳೆದುಕೊಂಡು ಉತ್ತರ ಭಾರತವನ್ನು ಸುತ್ತುವ ಕತೆ ಬರೆದ. ಅಲ್ಲಿ ಮನೆಯೊಳಗೆ ಕುಳಿತವರು ಯುರೋಪಿನವರು, ಖಳನಾಯಕ ನಾನಾಸಾಹೇಬ. ಯಂತ್ರದ ಸೊಗಸು ಎರಡರಲ್ಲೂ ಇದೆ. ಯಂತ್ರ ಯಾರ ಕೈಯಲ್ಲಿದೆ ಎಂಬುದು ಬೇರೆ. ಉಕ್ಕಿನ ಆನೆಯನ್ನು ಮೆಚ್ಚಿಕೊಂಡೇ ಆ ಮನೆಯ ಕಿಟಕಿಯಿಂದ ಕಾಣುವ ಭಾರತವನ್ನು ಸಂಶಯದಿಂದ ಓದುವುದು ಸಾಧ್ಯ, ಮತ್ತು ಅದು ನಮ್ಮಂಥ ಓದುಗರಿಗೆ ಲಂಡನ್ನಿನವರಿಗಿಂತ ಸುಲಭ.

ಏಕೆಂದರೆ ಉಗಿ ನಮ್ಮಲ್ಲಿಗೆ ಬಂದದ್ದು ಸಾಮ್ರಾಜ್ಯದ ಜೊತೆಗೇ. ಭಾರತದ ಮೊದಲ ರೈಲ್ವೆ ಕಂಪೆನಿಗಳ ಬಂಡವಾಳಗಾರರಿಗೆ ಶೇಕಡಾ 5ರ ಲಾಭದ ಖಾತರಿಯಿತ್ತು, ಕೊರತೆ ಬಿದ್ದರೆ ತುಂಬಿಕೊಟ್ಟದ್ದು ಇಲ್ಲಿನ ಕಂದಾಯ. ಮಲಬಾರಿನಿಂದ ಬಂದ ಹಳಿ ಚಂದ್ರಗಿರಿ ಹೊಳೆಯನ್ನು ದಾಟಿ 1907ರಲ್ಲಿ ಮಂಗಳೂರು ಮುಟ್ಟಿತು. ಈ ಕರಾವಳಿಯಲ್ಲಿ ಯಾರಾದರೂ ಸ್ಟೀಮ್‌ಪಂಕ್ ಕತೆ ಬರೆದರೆ, ವಾಯುನೌಕೆಗಿಂತ ಮೊದಲು ನಾನು ಹುಡುಕುವುದು ಆ ಹೊಳೆಯ ಕಡವಿನ ದೋಣಿಯವನನ್ನು, ಹಂಚಿನ ಕಾರ್ಖಾನೆಗೆ ನದಿದಂಡೆಯ ಜೇಡಿಮಣ್ಣನ್ನು ಹೊತ್ತವರನ್ನು. ಅವರು ಕತೆಯಲ್ಲಿ ಮಾತನಾಡುತ್ತಿದ್ದರೆ, ಗಾಗಲ್ಸ್ ಹಾಕಿಕೊಂಡವರು ಎಷ್ಟು ಮಂದಿ ಬಂದರೂ ಅಡ್ಡಿಯಿಲ್ಲ.